ಹಾಲೆಂಡ್ ಸರ್ಕಾರದ ಹಾರ

ಹೂವಿನಹಡಗಲಿಯಲ್ಲಿ ಹುಟ್ಟಿ, ಮಲ್ಲಿಗೆ ಮಾರಿ ಮನೆ ಕಟ್ಟಿಸಿ, ಮಲ್ಲಿಗೆ ಮಾರಿ ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿ, ಕೊನೆಗೆ "ಮಲ್ಲಿಗಿ ಏನ್ ಮಹಾ ಹೂವು ಬಿಡ್ರಿ" ಅನ್ನುವ ಮನುಷ್ಯನಿಗೆ ನೀವಾದರೂ ಏನು ಹೇಳುತ್ತೀರಿ? ಕರಿಸಿದ್ದಪ್ಪ ಹಾಗನ್ನುತ್ತಿದ್ದ. ಬಸ್‌ಸ್ಟ್ಯಾಂಡಿನ ಹಿಂದೆ ಅವನ ಹೂವಿನ ಮಂಡಿ. ಬೆಳಗಾಗುವ ಮೊದಲೇ ಬುಟ್ಟಿಗಟ್ಟಲೆ ಮೊಗ್ಗು ಬಂದು ಬೀಳುತ್ತಿತ್ತು. ಮೂಗಿನ ಮುಂದೆ ಅಷ್ಟು ಘಮ ಇದ್ದರೂ ಅವನ ಕಣ್ಣು ಮಾತ್ರ ಗೋಡೆಗೆ ತೂಗುಹಾಕಿದ ಒಂದು ಹಳೇ ಕ್ಯಾಲೆಂಡರಿನ ಮೇಲೆ. ತಿಂಗಳಿನ ಹಾಳೆಗಳು ಹರಿದುಹೋಗಿ ಹತ್ತು ವರ್ಷವಾಗಿತ್ತು, ಚಿತ್ರ ಉಳಿದಿತ್ತು. ಹಾಲೆಂಡಿನ ಟ್ಯೂಲಿಪ್ ಹೊಲ: ಕೆಂಪು, ಹಳದಿ, ಮತ್ತೆ ಕೆಂಪು, ಹಿಂದೆ ಒಂದು ಗಾಳಿಗಿರಣಿ.

"ಹೂವು ಅಂದ್ರ ಅದು ನೋಡ್ರಿ. ಹೆಂಗ ನಿಂತಾವ, ಪೊಲೀಸ್ ಪರೇಡ್ ನಿಂತಂಗ!" ಎಂದು ಬಂದ ಗಿರಾಕಿಗೆಲ್ಲ ತೋರಿಸುತ್ತಿದ್ದ. ಗಿರಾಕಿ ತಲೆಯಾಡಿಸಿ, ಎರಡು ಮಾರು ಮಲ್ಲಿಗೆ ಮಾಲೆ ತೆಗೆದುಕೊಂಡು ಕೊಟ್ಟೂರಿನ ಬಸ್ಸು ಹತ್ತುತ್ತಿದ್ದ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಇವನಿಗೆ ಹಿತ್ತಲ ಹೂವು ಹೂವೇ ಅಲ್ಲ.

ಮಂಡಿಯ ಜಗಲಿಯ ಮೇಲೆ ಚೌಡಕ್ಕ ಕೂರುತ್ತಿದ್ದಳು. ಗುಡೇಕೋಟೆ ಕಡೆಯಿಂದ ಈ ಊರಿಗೆ ಸೊಸೆಯಾಗಿ ಬಂದವಳು, ಇಪ್ಪತ್ತೈದು ವರ್ಷದಿಂದ ಆ ಜಗಲಿಯೇ ಅವಳ ಜಾಗ. ಊರಿನ ಹೆಂಗಸರು ಮನೆಯಲ್ಲಿ ಕಟ್ಟಿ ತಂದ ಮಾಲೆಗಳನ್ನು ಮಾರು ಹಾಕಿ ಅಳೆದು ತೆಗೆದುಕೊಳ್ಳುವುದು ಅವಳ ಕೆಲಸ. ಅವಳಿಗೆ ಓದು ಬರಹ ಇಲ್ಲ. ಆದರೆ ಐವತ್ತು ಹೆಂಗಸರ ಮಾಲೆ ಒಂದೇ ಬುಟ್ಟಿಯಲ್ಲಿ ಕಲಸಿಹೋದರೂ ದಾರವನ್ನು ಬೆರಳಲ್ಲಿ ಸವರಿ, "ಇದು ಪಕ್ಕೀರಮ್ಮನ ಕೈ, ಗಂಟು ಸಡ್ಲ. ಇದು ಮಾರೆಮ್ಮನ ಕೈ, ಹೂವಿಗೂ ಹೂವಿಗೂ ನಡಕ ಎತ್ತಿನ ಬಂಡಿ ಹೋಗೋವಷ್ಟು ಜಾಗ ಬಿಟ್ಟಾಳ" ಎಂದು ಬೇರೆ ಮಾಡಿ ಇಡುತ್ತಿದ್ದಳು. ಒಂದು ಸಲವೂ ತಪ್ಪಿದ್ದಿಲ್ಲ. ಹೊರಗಿನ ವ್ಯಾಪಾರಿಗಳು ಬಂದಾಗ ಕರಿಸಿದ್ದಪ್ಪ ಇದನ್ನು ತನ್ನ ಮಂಡಿಯ ಹೆಚ್ಚುಗಾರಿಕೆ ಎಂದು ಹೇಳಿಕೊಳ್ಳುತ್ತಿದ್ದ. ಹೇಳಿಕೊಂಡಿದ್ದನ್ನು ನೆನಪಿಟ್ಟುಕೊಂಡಿದ್ದರೆ ಮುಂದಿನ ಫಜೀತಿ ತಪ್ಪುತ್ತಿತ್ತು.

ಅವನಿಗೆ ಬೇಕಾಗಿದ್ದು ಟ್ಯೂಲಿಪ್ ಒಂದೇ ಅಲ್ಲ. ಹೂವಿನ ವರ್ತಕರ ಸಂಘದ ಅಧ್ಯಕ್ಷನ ಕುರ್ಚಿಯೂ ಬೇಕಾಗಿತ್ತು. ಹನ್ನೆರಡು ವರ್ಷದಿಂದ ಆ ಕುರ್ಚಿಯಲ್ಲಿ ಕೂತ ಹನುಮಣ್ಣ, "ಸೊಂಟ ಹಿಡಕಂಡೈತಪ್ಪ, ಈ ಸಲ ಬಿಡ್ತೀನಿ" ಎಂದಿದ್ದ. ಮುಂದೆ ಯಾರು? ಒಂದು ಕಡೆ ಕರಿಸಿದ್ದಪ್ಪ, ಇನ್ನೊಂದು ಕಡೆ ಶಿವಯೋಗಪ್ಪ. ಶಿವಯೋಗಪ್ಪ ಮದುವೆ ಮಂಟಪಗಳಿಗೆ ಹೂವು ಹಾಕಿಸುವವನು, ಮಾತು ಕಡಿಮೆ. ಅವನು ಹಿಂದಿನ ವರ್ಷ ಏಪ್ರಿಲ್‌ನಲ್ಲಿ ಸದ್ದಿಲ್ಲದೆ ಕಾಶ್ಮೀರಕ್ಕೆ ಹೋಗಿ, ಅಲ್ಲಿ ಅರಳಿ ನಿಂತ ಟ್ಯೂಲಿಪ್ ಕಣ್ತುಂಬ ನೋಡಿಕೊಂಡು, ಸದ್ದಿಲ್ಲದೆ ಬಂದಿದ್ದ. ಆದರೆ ಕಾಶ್ಮೀರಕ್ಕೆ ಪಾಸ್‌ಪೋರ್ಟ್ ಬೇಡವಲ್ಲ! ಪಾಸ್‌ಪೋರ್ಟ್ ಬೇಡದ ಊರಿಗೆ ಹೋಗಿ ಬಂದವನನ್ನು ನಮ್ಮಲ್ಲಿ ಯಾರು ಮಾತಾಡಿಸುತ್ತಾರೆ? "ಅದನ್ನೆಲ್ಲ ಟೂರ್ ಅನ್ನಾಕ ಬರಂಗಿಲ್ಲ. ಫಾರಿನ್ ಆಗ್ಬೇಕು" ಎಂದ ಹನುಮಣ್ಣ. ಆ ಒಂದು ಮಾತು ಕರಿಸಿದ್ದಪ್ಪನ ಎದೆಯಲ್ಲಿ ಬೇರು ಬಿಟ್ಟಿತು.

ಟೂರು ಕರೆದುಕೊಂಡು ಹೋಗುವ ಶ್ರೀನಾಥ ಅನ್ನುವ ಹುಡುಗ ದಾವಣಗೆರೆಯಿಂದ ಬಂದು ಮಂಡಿಯಲ್ಲೇ ಕೂತು ಕಾಗದ ಪತ್ರ ಮಾಡಿಸಿದ. ಹೋಗುವ ಮೊದಲು ಪಾಪ ಒಂದು ಮಾತು ಹೇಳಿದ: "ಸರ, ಟ್ಯೂಲಿಪ್ ನೋಡ್ಬೇಕಂದ್ರ ಏಪ್ರಿಲ್‌ನಾಗ ಬರ್ರಿ. ಮೇ ಅರ್ಧ ದಾಟಿದ್ರ ಏನೂ ಇರಂಗಿಲ್ಲ."

ಕರಿಸಿದ್ದಪ್ಪ ಗಹಗಹಿಸಿ ನಕ್ಕ. "ಲೇ ತಮ್ಮಾ, ನಲವತ್ತು ವರ್ಷ ಆತು ಹೂವಿನ್ಯಾಗ ಕೂತು. ನನಗ ಹೂವಿನ ಲೆಕ್ಕ ಹೇಳ್ತಿಯೇನು? ಬಿಸಿಲು ಏರಿದಂಗ ಹೂವು ಜಾಸ್ತಿ. ಬ್ಯಾಸಿಗ್ಯಾಗ ಬರದ ಹೂವು ಇನ್ಯಾವಾಗ ಬರ್ತೈತಿ? ಮೇ ಇಪ್ಪತ್ತಕ್ಕ ಹಾಕು ಟಿಕೀಟು. ಆಗ ನೋಡು, ಹೊಲದಾಗ ಕಾಲಿಡಾಕ ಜಾಗ ಇರಂಗಿಲ್ಲ."

ಹಡಗಲಿಯ ಮಲ್ಲಿಗೆಗೆ ಈ ಲೆಕ್ಕ ನೂರಕ್ಕೆ ನೂರು ಸರಿ. ಹಾಲೆಂಡಿನ ಹೂವು ಹಡಗಲಿಯ ಲೆಕ್ಕ ಕೇಳಿ ಅರಳುವುದಿಲ್ಲ ಅನ್ನುವುದು ಅವನ ತಲೆಗೆ ಹೊಳೆಯಲೇ ಇಲ್ಲ. ಶ್ರೀನಾಥ ಇನ್ನೊಂದು ಸಲ ಬಾಯಿ ತೆರೆದ. ಕರಿಸಿದ್ದಪ್ಪ ಅವನಿಗೆ ಚಹಾ ತರಿಸಿ ಬಾಯಿ ಮುಚ್ಚಿಸಿದ.

ಒಬ್ಬನಿಗಿಂತ ಇಬ್ಬರಾದರೆ ಕೋಣೆ ಅನುಕೂಲ ಎಂದು ಶ್ರೀನಾಥ ಹೇಳಿದ್ದರಿಂದ ಹೆಂಡತಿ ನೀಲಗಂಗಮ್ಮನಿಗೂ ವಿಮಾನ ಹತ್ತುವ ಯೋಗ ಬಂತು. "ಹೂವಿನ ಜೋಡಿ ನಾರೂ ಸ್ವರ್ಗಕ್ಕ ಹೋತು ನೋಡು" ಎಂದು ಕರಿಸಿದ್ದಪ್ಪ ಸಂಘದವರ ಮುಂದೆ ಹಾಸ್ಯ ಮಾಡಿದ. ನೀಲಗಂಗಮ್ಮ ಎರಡು ಸೀರೆ, ಒಂದು ಸ್ವೆಟರ್, ಶೇಂಗಾ ಚಟ್ನಿ ಪುಡಿ, ಖಡಕ್ ರೊಟ್ಟಿ, ಅದರ ಜೊತೆ ಹೂ ಕಟ್ಟುವ ದಾರದ ಒಂದು ಉಂಡೆ ಚೀಲಕ್ಕೆ ಹಾಕಿಕೊಂಡಳು. "ಅಲ್ಲಿ ಯಾರಿಗೆ ಹೂವು ಕಟ್ಟಾಕಿ?" ಎಂದು ಅವನು ಕೇಳಿದ. "ಇರ್ಲಿ ಬಿಡ್ರಿ, ದಾರ ಏನು ಅನ್ನ ಕೇಳ್ತೈತಾ" ಎಂದಳು.

ಹಾಲೆಂಡಿಗೆ ಇಳಿದ ಮರುದಿನವೇ ಹೂದೋಟದ ಹಾದಿ ಹಿಡಿದರು. ದೊಡ್ಡ ತೋಟದ ಬಾಗಿಲಿಗೆ ಬೀಗ. ಬರುವ ವರ್ಷ ಬನ್ನಿ ಎಂದು ಬೋರ್ಡು ಹಾಕಿದ್ದರು. ಬಸ್ಸಿನಲ್ಲಿದ್ದ ಉಳಿದವರು, "ಹೋಗ್ಲಿ ಬಿಡಿ, ಚೀಸ್ ಫ್ಯಾಕ್ಟರಿ ನೋಡೋಣ" ಎಂದರು. ಅವರಿಗೇನು, ಅವರು ಚೀಸಿಗೂ ಸೈ. ಕರಿಸಿದ್ದಪ್ಪ ಮಾತ್ರ ಶ್ರೀನಾಥನ ರಟ್ಟೆ ಹಿಡಿದುಕೊಂಡ. "ಹೊಲಕ್ಕ ಕರಕೊಂಡು ಹೋಗು. ಬಾಗಿಲು ಹಾಕಿದ್ರ ತ್ವಾಟಕ್ಕ ಹಾಕ್ಯಾರ. ಹೊಲಕ್ಕ ಬಾಗಿಲು ಎಲ್ಲೈತಿ?"

ಬಸ್ಸಿನವರೆಲ್ಲ ಹೊಲಕ್ಕೂ ಹೋದರು. ಹೊಲ ಇತ್ತು, ಸಾಲು ಇತ್ತು, ಗಾಳಿಗಿರಣಿಯೂ ಇತ್ತು. ಹೂವು ಇರಲಿಲ್ಲ. ಕಣ್ಣು ಹಾಯುವಷ್ಟು ದೂರ ಬರೀ ಹಸಿರು ದಂಟು, ಒಂದಕ್ಕೂ ತಲೆ ಇಲ್ಲ. ದೂರದ ಮೂಲೆಯಲ್ಲಿ ಒಂದಿಷ್ಟು ಕೆಂಪು ಉಳಿದಿತ್ತು. ಇವರು ನೋಡುತ್ತಿದ್ದಂತೆ ಒಂದು ಯಂತ್ರ ಅದರ ಮೇಲೆ ಹರಿದು ಹೋಯಿತು. ಯಂತ್ರದ ಹಿಂದೆ ಕೆಂಪು ಉಳಿಯಲಿಲ್ಲ. ಕೊಯ್ದ ಹೂವು ಬದುವಿನ ಪಕ್ಕದ ಕಾಲುವೆಯ ಅಂಚಿನಲ್ಲಿ ರಾಶಿ ಬಿದ್ದಿತ್ತು.

ಯಂತ್ರ ಓಡಿಸುತ್ತಿದ್ದ ರೈತ ಇಳಿದು ಬಂದ. ಆರೂವರೆ ಅಡಿ ಆಳು, ಮೊಣಕಾಲುದ್ದದ ರಬ್ಬರ್ ಬೂಟು. ಅವನು ಹೇಳಿದ್ದನ್ನು ಶ್ರೀನಾಥ ಕನ್ನಡಕ್ಕೆ ತಂದ: "ಸರ, ಇವರು ಮಾರೋದು ನೆಲದಾಗಿನ ಗಡ್ಡಿ ಅಂತ. ಹೂವು ಗಿಡದ ಮ್ಯಾಲ ಇದ್ರ ಗಡ್ಡಿ ಬಲಿಯಂಗಿಲ್ಲ. ಅದಕ್ಕ ಅರಳಿದ ಮ್ಯಾಲ ತಲಿ ಹಾರಿಸಿಬಿಡ್ತಾರ. ಹೂವು ಇವರಿಗೆ ಕಸ ಅಂತ."

ಹೂವು ಕಸ! ನಲವತ್ತು ವರ್ಷ ಹೂವಿನ ಅನ್ನ ತಿಂದವನಿಗೆ ಈ ಮಾತು ಎಲ್ಲಿ ನಾಟಬೇಕೋ ಅಲ್ಲಿ ನಾಟಿತು. ಕರಿಸಿದ್ದಪ್ಪ ಬದುವಿನ ಮೇಲೆ ಕುಸಿದು ಕೂತ. ಮೊದಲು ಶ್ರೀನಾಥನನ್ನು ಬೈದ, ಆಮೇಲೆ ಹಾಲೆಂಡನ್ನು ಬೈದ, ಆಮೇಲೆ ಬೈಯಲು ಯಾರೂ ಉಳಿಯದೆ ಅತ್ತುಬಿಟ್ಟ. ನಗಬೇಡಿ. ಅರವತ್ತರ ಗಂಡಸು, ಬೆಳ್ಳಗಿನ ಪಂಚೆ ಸ್ವೆಟರಿನಲ್ಲಿ ಪರದೇಶದ ಬದುವಿನ ಮೇಲೆ ಕೂತು ಮಗುವಿನ ಹಾಗೆ ಬಿಕ್ಕಿದ್ದನ್ನು ನೋಡಿದರೆ ನಿಮಗೂ ಕರುಳು ಚುರುಕ್ ಅನ್ನುತ್ತಿತ್ತು. ಅವನು ಕ್ಯಾಲೆಂಡರಿನಲ್ಲಿ ಹತ್ತು ವರ್ಷ ನೋಡಿದ್ದು ಸುಳ್ಳೇನೂ ಆಗಿರಲಿಲ್ಲ. ಆ ಹೂವನ್ನು ಅವನು ನಿಜವಾಗಿ ಇಷ್ಟಪಟ್ಟಿದ್ದ.

ನೀಲಗಂಗಮ್ಮ ಸಮಾಧಾನ ಮಾಡಲಿಲ್ಲ, ಆ ಹುಡುಗ ಆಗಲೇ ಹೇಳಿದ್ದ ಎಂದು ಚುಚ್ಚಲೂ ಇಲ್ಲ. ಸೀದಾ ಕಾಲುವೆಯ ಅಂಚಿಗೆ ಹೋಗಿ ಕೆಡದ ಹೂವುಗಳನ್ನು ಆರಿಸಿ ಸೆರಗಿನಲ್ಲಿ ತುಂಬಿಕೊಂಡಳು. ಪ್ರತಿ ಹೂವಿಗೆ ಬೆರಳುದ್ದ ತೊಟ್ಟು ಉಳಿದಿತ್ತು, ಕಟ್ಟಲು ಅಷ್ಟು ಸಾಕು. ಚೀಲದಿಂದ ದಾರ ತೆಗೆದು ಕೂತಳು. ಅವಳದು ಎಡಗೈ. ಚಿಕ್ಕವಳಿದ್ದಾಗ ಅವ್ವ ಎಷ್ಟು ಹೊಡೆದರೂ ಬಲಗೈಗೆ ತಿರುಗಿರಲಿಲ್ಲ. ಎಲ್ಲರ ಗಂಟು ಬಲಕ್ಕೆ ಬಿದ್ದರೆ ಅವಳ ಗಂಟು ಎಡಕ್ಕೆ. ಅದರ ಮೇಲೆ, ಮಂಡಿಗೆ ಮಾಲೆ ಕಟ್ಟುವಾಗಲೂ ಹತ್ತು ಹೂವಿಗೊಂದು ಹಸಿರು ಎಲೆ ಸೇರಿಸುವುದು ಅವಳ ರೂಢಿ. ಇಲ್ಲಿ ಟ್ಯೂಲಿಪ್ಪಿನ ಎಲೆಯನ್ನೇ ಹರಿದು ಸೇರಿಸಿದಳು. ಆ ರೈತ ಬಾಯಿ ತೆರೆದು ನಿಂತುಬಿಟ್ಟ. ತನ್ನ ಕಸ ಹೀಗೂ ಆಗುತ್ತದೆ ಎಂದು ಅವನಿಗೆ ಯಾರು ಹೇಳಿದ್ದರು!

ಹಾರ ತಂದು ಗಂಡನ ಕೊರಳಿಗೆ ಹಾಕಿ, "ಏಳ್ರಿ, ಮಾರಿ ಒರಿಸ್ಕೊಳ್ರಿ. ಇಷ್ಟು ದೂರ ಬಂದೀವಿ. ಇವರ ಜೋಡಿ ನಿಂದ್ರಿ, ಒಂದು ಫೋಟೋ ಹೊಡಿತೀನಿ" ಎಂದಳು. ಕರಿಸಿದ್ದಪ್ಪ ಕಣ್ಣೊರೆಸಿಕೊಂಡು ರೈತನ ಪಕ್ಕ ನಿಂತ. ರೈತ ಖುಷಿಯಿಂದ ಕೈ ಕುಲುಕಿದ. ಫೋಟೋ ಬಂತು. ಫೋಟೋದಲ್ಲಿ ನೀಲಗಂಗಮ್ಮ ಇರಲಿಲ್ಲ, ಹೊಡೆದವಳು ಅವಳಲ್ಲವೇ.

ಆ ಸಂಜೆ ಹೋಟೆಲಿನಲ್ಲಿ ಖಡಕ್ ರೊಟ್ಟಿ ಮುರಿಯುತ್ತ ಕರಿಸಿದ್ದಪ್ಪ ಆ ಫೋಟೋವನ್ನು ಸಂಘದ ವಾಟ್ಸಾಪ್ ಗುಂಪಿಗೆ ಹಾಕಿದ. ಬೇರೆ ಏನೂ ಬರೆಯಲಿಲ್ಲ. ಐದು ನಿಮಿಷದಲ್ಲಿ ಹರಪನಹಳ್ಳಿಯ ಹೂವಿನ ವ್ಯಾಪಾರಿ ಮಂಜಣ್ಣ ಕೇಳಿದ: "ಅಣ್ಣಾ, ಅಲ್ಲಿನ ಸರ್ಕಾರದೋರು ಸನ್ಮಾನ ಮಾಡಿದ್ರಾ?"

ಇಲ್ಲ ಎಂದು ಬರೆಯಲು ಮೂರು ಅಕ್ಷರವೂ ಬೇಕಿರಲಿಲ್ಲ. ಕರಿಸಿದ್ದಪ್ಪ ಆ ಪ್ರಶ್ನೆಯನ್ನು ಎರಡು ಸಲ ಓದಿದ. ಕುರ್ಚಿ ಕಣ್ಣ ಮುಂದೆ ಬಂತು, ಶಿವಯೋಗಪ್ಪನ ಮುಖವೂ ಬಂತು. ಕೊನೆಗೆ ಕೈ ಮುಗಿದಿರುವ ಚಿತ್ರ ಒಂದನ್ನು ಒತ್ತಿ ಕಳಿಸಿದ. ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ, ಬರೀ ಕೈ ಮುಗಿದ. ಬಾಯಿ ತೆರೆಯದೆ ಸುಳ್ಳು ಹೇಳುವ ಈ ಸೌಕರ್ಯ ನಮ್ಮ ಅಜ್ಜಂದಿರಿಗೆ ಇರಲಿಲ್ಲ ನೋಡಿ.

ಊರಿಗೆ ಬರುವಷ್ಟರಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಎದ್ದಿತ್ತು. "ಹಾಲೆಂಡ್ ಸರ್ಕಾರದಿಂದ ಟ್ಯೂಲಿಪ್ ಹಾರದೊಂದಿಗೆ ಸನ್ಮಾನಿತರಾದ ಹೆಮ್ಮೆಯ ಪುತ್ರ." ಕೆಳಗೆ ಕುಳ್ಳಗೆ ಕಾಣುತ್ತಿದ್ದ ಕರಿಸಿದ್ದಪ್ಪ, ಪಕ್ಕದಲ್ಲಿ ರೈತ. ರೈತನ ರಬ್ಬರ್ ಬೂಟನ್ನು ಫ್ಲೆಕ್ಸಿನವನು ಜಾಣತನದಿಂದ ಕತ್ತರಿಸಿ, ಕೆಳಗೆ "ಅಲ್ಲಿನ ಕೃಷಿ ಮಂತ್ರಿಗಳೊಂದಿಗೆ" ಎಂದು ಬರೆದಿದ್ದ. ಸಂಘದ ಸಭೆಯ ತಾರೀಖೂ ಗೊತ್ತಾಗಿತ್ತು. ಅಂದೇ ಕರಿಸಿದ್ದಪ್ಪನಿಗೆ ಊರಿನ ಸನ್ಮಾನ, ಅಂದೇ ಹೊಸ ಅಧ್ಯಕ್ಷನ ಹೆಸರು. ಕುರ್ಚಿ ಬಂದಂತೆಯೇ ಎಂದು ಎಲ್ಲರೂ ಮಾತಾಡಿಕೊಂಡರು.

ಮನೆಗೆ ಬಂದು ಚೀಲ ಇಳಿಸಿದ ನೀಲಗಂಗಮ್ಮ ಕೇಳಿದಳು: "ಸರ್ಕಾರದೋರು ಯಾವಾಗ ಬಂದಿದ್ರು? ನಾನು ಬಸ್ಸಿನ್ಯಾಗ ಮಲಗಿದ್ನೇನು?"

"ಸುಮ್ಕಿರು ನೀನು. ಹೆಣ್ತಿ ಹಾಕಿದ ಹಾರ ಅಂದ್ರ ನಾಲ್ಕು ಮಂದ್ಯಾಗ ಏನು ಕಿಮ್ಮತ್ತು ಇರ್ತೈತಿ?"

ನೀಲಗಂಗಮ್ಮ ಅಡುಗೆಮನೆಗೆ ಹೋಗಿ ಒಗ್ಗರಣೆ ಹಾಕಿದಳು. ಮೆಣಸಿನಕಾಯಿ ಸ್ವಲ್ಪ ಜಾಸ್ತಿಯೇ ಬಿತ್ತು, ಕರಿಸಿದ್ದಪ್ಪ ಕೆಮ್ಮುತ್ತ ಹೊರಗೆ ಹೋದ.

ಸಭೆಯ ದಿನ ಕಲ್ಯಾಣಮಂಟಪ ತುಂಬಿತ್ತು. ಕೂಡ್ಲಿಗಿಯಿಂದ, ಹಗರಿಬೊಮ್ಮನಹಳ್ಳಿಯಿಂದ, ಕೊಟ್ಟೂರಿನಿಂದ ವ್ಯಾಪಾರಿಗಳು ಬಂದಿದ್ದರು. ಹೂವು ಕಟ್ಟುವ ಹೆಂಗಸರೂ ಬಂದಿದ್ದರು, ಅವರಿಗೆ ಅಂದು ಊಟ ಇತ್ತು. ವೇದಿಕೆಯ ಹಿಂದೆ ಗೋಡೆಯಿಂದ ಗೋಡೆಗೆ ಇನ್ನೊಂದು ಫ್ಲೆಕ್ಸ್. ಸಂಘದವರು ಎಂಟಡಿ ಸಾಕು ಎಂದಿದ್ದರು, ಇಪ್ಪತ್ತಡಿ ಆಗಲೇಬೇಕು ಎಂದು ಹಟ ಹಿಡಿದವನು ಕರಿಸಿದ್ದಪ್ಪನೇ. ಫೋಟೋ ದೊಡ್ಡದಾದರೆ ಮನುಷ್ಯನೂ ದೊಡ್ಡವನಾಗುತ್ತಾನೆ ಎಂದು ಅವನ ಲೆಕ್ಕ. ಮನುಷ್ಯ ದೊಡ್ಡವನಾದನೋ ಇಲ್ಲವೋ, ಹಾರದ ಒಂದೊಂದು ಗಂಟೂ ನಿಂಬೆಹಣ್ಣಿನಷ್ಟು ದಪ್ಪ ಆಗಿತ್ತು.

ಕರಿಸಿದ್ದಪ್ಪ ವೇದಿಕೆಯ ಮೇಲೆ ಕೂತು ನೋಡಿದ. ಹೆಂಗಸರ ಸಾಲಿನವರೆಲ್ಲ ಕತ್ತು ಚಾಚಿ ತನ್ನ ಚಿತ್ರವನ್ನೇ ನೋಡುತ್ತಿದ್ದಾರೆ, ಒಬ್ಬರಿಗೊಬ್ಬರು ಬೆರಳು ಮಾಡಿ ತೋರಿಸುತ್ತಿದ್ದಾರೆ. ಅವನ ಎದೆ ಉಬ್ಬಿತು. ಶಿವಯೋಗಪ್ಪನ ಕಡೆ ಒಂದು ಕರುಣೆಯ ನೋಟ ಬೀರಿದ. ಎರಡನೆಯ ಸಾಲಿನಲ್ಲಿ ಕೂತಿದ್ದ ನೀಲಗಂಗಮ್ಮ ಮಾತ್ರ ನೆಲ ನೋಡುತ್ತಿದ್ದಳು.

ಸಂಘದ ಒಂದು ಪದ್ಧತಿ ಇದೆ. ಸನ್ಮಾನದ ಮಲ್ಲಿಗೆ ಹಾರವನ್ನು ಹೂವು ಕಟ್ಟುವವರಲ್ಲಿ ಎಲ್ಲರಿಗಿಂತ ಹಿರಿಯಳು ಹಾಕಬೇಕು. ಹನುಮಣ್ಣ ಮೈಕಿನಲ್ಲಿ ಚೌಡಕ್ಕನನ್ನು ಕರೆದ. ಚೌಡಕ್ಕ ಹಾರ ಹಿಡಿದು ಮೆಟ್ಟಿಲು ಹತ್ತಿದಳು. ಕರಿಸಿದ್ದಪ್ಪ ಕೊರಳು ಬಗ್ಗಿಸಿದ. ಹಾರ ಬೀಳಲಿಲ್ಲ. ಇನ್ನೂ ಸ್ವಲ್ಪ ಬಗ್ಗಿಸಿದ, ಆಗಲೂ ಬೀಳಲಿಲ್ಲ. ತಲೆಯೆತ್ತಿ ನೋಡಿದರೆ ಚೌಡಕ್ಕ ಅವನನ್ನು ಬಿಟ್ಟು ಫ್ಲೆಕ್ಸಿನ ಹತ್ತಿರ ಹೋಗಿ, ಒಂದು ಗಂಟಿನ ಮೇಲೆ ಬೆರಳಿಟ್ಟು ಸವರುತ್ತಿದ್ದಳು.

"ಅಯ್ಯ ಶಿವನ! ಗಂಟು ಎಡಕ್ಕ ಬಿದ್ದೈತಿ, ಇದು ನಮ್ಮ ನೀಲಗಂಗಮ್ಮಾರ ಕೈ ಅಲ್ಲೇನ್ರೀ!"

ಅವಳಿಗೆ ಕೆಡುಕು ಬಯಸುವ ಬುದ್ಧಿ ಒಂದಿಷ್ಟೂ ಇರಲಿಲ್ಲ. ಪರದೇಶದಲ್ಲಿ ಪರಿಚಯದವರು ಸಿಕ್ಕಂತೆ ಅವಳಿಗೆ ಸಂತೋಷ ಆಗಿತ್ತು, ಅಷ್ಟೆ. ಆದರೆ ಮೈಕು ಪಕ್ಕದಲ್ಲೇ ಇತ್ತು.

ಕರಿಸಿದ್ದಪ್ಪ ಗಟ್ಟಿಯಾಗಿ ನಕ್ಕ. "ಚೌಡಕ್ಕ, ಹಾಲೆಂಡಿನ್ಯಾಗ ಎಡಗೈ ಮಂದಿ ಇರಂಗಿಲ್ಲೇನು? ಅಲ್ಲಿ ಮಂದಿಗೂ ಎರಡು ಕೈ ಅದಾವ. ಹಾಕು ಹಾರ, ಹಾಕು."

"ಇರಬೌದ್ರಿ ಯಜಮಾನ್ರ" ಎಂದಳು ಚೌಡಕ್ಕ ಗಂಭೀರವಾಗಿ. "ಆದ್ರ ಹತ್ತು ಹೂವಿಗೊಂದು ಎಲಿ ಇಡಾದು ಅವ್ರಿಗೆ ಯಾರು ಕಲಿಸಿದ್ರು? ಎಣಸ್ರಿ ಬೇಕಾದ್ರ. ನನ್ನ ಕೈ ತಪ್ಪಿದ್ದು ಯಾವತ್ತರ ಐತೇನ್ರಿ? ನೀವಾ ಹೇಳ್ತಿದ್ರಿ."

ಹೌದು, ಅವನೇ ಹೇಳುತ್ತಿದ್ದ. ಅಲ್ಲಿ ಕೂತ ಅರ್ಧ ವ್ಯಾಪಾರಿಗಳಿಗೆ ಅವನೇ ಹೇಳಿದ್ದ.

ಅಷ್ಟರಲ್ಲಿ ಹೆಂಗಸರು ಎದ್ದುಬಿಟ್ಟಿದ್ದರು. ಪಕ್ಕೀರಮ್ಮ ಮೊದಲು, ಹಿಂದೆ ಮಾರೆಮ್ಮ, ಅವರ ಹಿಂದೆ ಸಾಲಿಗೆ ಸಾಲು. ವೇದಿಕೆ ಹತ್ತಿ ಎಲೆ ಎಣಿಸಿದರು. ಹತ್ತಕ್ಕೊಂದು, ಮತ್ತೆ ಹತ್ತಕ್ಕೊಂದು. "ಹೌದಬೇ, ಅಕ್ಕಾರ ಕೈನಾ!" ಎಂದು ಕೂಗು ಎದ್ದಿತು. ಮಂಜಣ್ಣ ಕೆಳಗಿನಿಂದ, "ಹಂಗಾರೆ ಸರ್ಕಾರ ಎಲ್ಲಿ ಹೋತಣ್ಣಾ?" ಎಂದ. ನಗೆ ಮಂಟಪದ ಸೂರು ಮುಟ್ಟಿತು.

ಎಲ್ಲರೂ ನೀಲಗಂಗಮ್ಮನ ಕಡೆ ತಿರುಗಿದರು. ಕರಿಸಿದ್ದಪ್ಪನೂ ತಿರುಗಿದ. ಮೂವತ್ತೈದು ವರ್ಷದ ಸಂಸಾರದಲ್ಲಿ ಅವಳನ್ನು ಅವನು ಹಾಗೆ ಬೇಡುವ ಕಣ್ಣಿನಿಂದ ನೋಡಿದ್ದು ಅದೇ ಮೊದಲು. ಅವಳು ಒಂದು "ಇಲ್ಲ" ಎಂದರೆ ಸಾಕು, ಚೌಡಕ್ಕನಿಗೆ ವಯಸ್ಸಾಯಿತು ಎಂದು ಎಲ್ಲರೂ ನಕ್ಕು ಕುರ್ಚಿ ಅವನ ಕಡೆ ಸರಿಸುತ್ತಿದ್ದರು.

ನೀಲಗಂಗಮ್ಮ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು.

"ಹೌದವ್ವ, ನಾನಾ ಕಟ್ಟಿದ್ದು" ಎಂದಳು. "ಹೂವೆಲ್ಲ ಕೊಯ್ದು ಕಸಕ್ಕ ಹಾಕಿದ್ರು. ಒಂದೂ ಗಿಡದ ಮ್ಯಾಲ ಇರಲಿಲ್ಲ. ಇವ್ರು ಬದುವಿನ ಮ್ಯಾಲ ಕುಂತು ಅಳಾಕತ್ತಿದ್ರು. ನನಗ ನೋಡಾಕ ಆಗಲಿಲ್ಲ. ಅದಕ್ಕ ಕಟ್ಟಿ ಹಾಕ್ದೆ." ಗಂಡನ ಮುಖ ನೋಡಿದಳು. "ಹೆಣ್ತಿ ಹಾಕಿದ್ದಕ್ಕ ಕಿಮ್ಮತ್ತಿಲ್ಲ ಅಂದ್ರು. ಸರ್ಕಾರ ಹಾಕಿದ್ದು ಅಂದ್ರ ಐತಂತ. ನನಗೂ ಗೊತ್ತಾಗಲಿಲ್ಲ, ನಾನಾ ಸರ್ಕಾರ ಅಂತ."

ಈ ಸಲ ಗಂಡಸರು ನಗಲಿಲ್ಲ. ಹೆಂಗಸರು ನಕ್ಕರು, ಆದರೆ ಆ ನಗೆ ಬೇರೆ ಥರ ಇತ್ತು. ಎಷ್ಟೋ ಮನೆಯ ಗಂಡಂದಿರು ತಮ್ಮ ಚಪ್ಪಲಿ ನೋಡಿಕೊಂಡರು. ಚೌಡಕ್ಕ ಕೈಯಲ್ಲಿದ್ದ ಮಲ್ಲಿಗೆ ಹಾರವನ್ನು ಒಮ್ಮೆ ಕರಿಸಿದ್ದಪ್ಪನ ಕಡೆ, ಒಮ್ಮೆ ಕೆಳಗೆ ನೋಡಿ, ಮೆಟ್ಟಿಲಿಳಿದು ಹೋಗಿ ನೀಲಗಂಗಮ್ಮನ ಕೊರಳಿಗೆ ಹಾಕಿದಳು. ಯಾರೂ ತಡೆಯಲಿಲ್ಲ.

ಕುರ್ಚಿ ಏನಾಯಿತು ಅನ್ನುತ್ತೀರಾ? ಹನುಮಣ್ಣ ಮೈಕು ಎಳೆದುಕೊಂಡು, "ಇಂಥಾ ಗದ್ಲದಾಗ ಬ್ಯಾಡ ಬಿಡ್ರಿ. ಇನ್ನೊಂದು ವರ್ಷ ನಾನಾ ಇರ್ತೀನಿ" ಎಂದು ಮತ್ತೆ ಕೂತ. ಸೊಂಟ ಆ ಕ್ಷಣಕ್ಕೆ ವಾಸಿಯಾಗಿತ್ತು. ಶಿವಯೋಗಪ್ಪ ಊಟದ ಸಾಲಿಗೆ ಮೊದಲು ಹೋಗಿ ಕೂತು, ಎರಡು ಹೋಳಿಗೆ ಜಾಸ್ತಿ ಹಾಕಿಸಿಕೊಂಡ.

ಮೂರು ದಿನ ಕರಿಸಿದ್ದಪ್ಪ ಮಂಡಿಗೆ ಹೋಗಲಿಲ್ಲ. ನೀಲಗಂಗಮ್ಮನ ಮೇಲೆ ಸಿಟ್ಟು ಮಾಡಬೇಕು ಎಂದು ಎರಡು ದಿನ ಹೊಂಚಿದ, ಸಿಟ್ಟು ಬರಲಿಲ್ಲ. ಬಂದದ್ದು ನಾಚಿಕೆ. ಕೆಟ್ಟ ನಾಚಿಕೆ, ತಟ್ಟೆಯ ಮುಂದೆ ಕೂತಾಗಲೂ ಬಿಡದ ನಾಚಿಕೆ. ಅವತ್ತು ಬದುವಿನ ಮೇಲೆ ತಾನು ಅಳುತ್ತಿದ್ದಾಗ ಬಸ್ಸಿನಲ್ಲಿದ್ದ ಅಷ್ಟೂ ಜನರಲ್ಲಿ ಎದ್ದು ಬಂದವಳು ಒಬ್ಬಳೇ, ಅವಳ ಹೆಸರನ್ನೇ ತಾನು ಅಳಿಸಿದ್ದೆ ಎಂದು ನೆನೆದು ಅರ್ಧ ಊಟಕ್ಕೇ ಎದ್ದುಬಿಡುತ್ತಿದ್ದ.

ಊರು ಮಾತ್ರ ಸುಮ್ಮನಿರುತ್ತದೆಯೇ? ನಾಲ್ಕನೆಯ ದಿನ ಬೆಳಿಗ್ಗೆ ಅವನು ಕಟ್ಟೆಯ ಮೇಲೆ ಕೂತು ಹಲ್ಲುಜ್ಜುತ್ತಿದ್ದಾಗ ಪಕ್ಕೀರಮ್ಮ ಮೊಗ್ಗಿನ ಬುಟ್ಟಿ ಹೊತ್ತು ಅಂಗಳಕ್ಕೆ ಬಂದಳು. ಅವನನ್ನು ನೋಡಿದಳು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು, ಆಮೇಲೆ ಬೀದಿಗೆಲ್ಲ ಕೇಳುವಂತೆ ಕೂಗಿದಳು.

"ಯಜಮಾನ್ರ, ಸರ್ಕಾರ ಅದಾರೇನ್ರಿ ಮನ್ಯಾಗ?"

ಕರಿಸಿದ್ದಪ್ಪ ಬಾಯಿಯ ನೊರೆ ಉಗಿದ. ಒಳಗಿನಿಂದ ದಾರ ಎಳೆಯುವ ಸಪ್ಪಳ ಬರುತ್ತಿತ್ತು.

"ಅದಾರ" ಎಂದ ಮೆಲ್ಲಗೆ. "ಹೂವು ಕಟ್ಟಾಕತ್ಯಾರ. ಹೋಗು ಒಳಗ."